ಬಸ್‌ಸ್ಟ್ಯಾಂಡ್ ತ್ರ್ಯಂಬಕ ಪ್ಲೂಟೋಗೆ ಹೋದದ್ದು

ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಟೈಂಕೀಪರ್ ಆಗಿರುವ ತ್ರ್ಯಂಬಕನ ಹತ್ತಿರ ಎರಡು ಗಡಿಯಾರಗಳಿವೆ ಎಂದು ನಾನು ನಂಬಿದ್ದೇನೆ. ಒಂದು ಅವನ ಕೈಯಲ್ಲಿದೆ. ಅದರ ಪ್ರಕಾರ ಐದೂ ನಲವತ್ತೈದು ಎಂದರೆ ಐದೂ ನಲವತ್ತೈದೇ. ಸ್ವಂತ ನಾದಿನಿ ಬ್ಯಾಗು ಹಿಡಿದು ಓಡಿಬರುವುದು ಕಣ್ಣಿಗೆ ಕಾಣುತ್ತಿದ್ದರೂ ಸೀಟಿ ಊದಿ ಬಸ್ಸು ಬಿಟ್ಟ ಪುಣ್ಯಾತ್ಮ ಅವನು. ಇನ್ನೊಂದು ಗಡಿಯಾರ ಅವನು ತಾಳಮದ್ದಳೆಯಲ್ಲಿ ಅರ್ಥ ಹೇಳಲು ಕೂತಾಗ ಮಾತ್ರ ನಡೆಯುತ್ತದೆ. ನಡೆಯುತ್ತದೆ ಎನ್ನುವುದೂ ತಪ್ಪು, ಅದು ನಿಂತೇ ಇರುತ್ತದೆ.

ಆ ಎರಡನೆಯ ಗಡಿಯಾರದಿಂದ ಹಾಳಾದವನು ನಾನು, ಪುಟ್ಟಪ್ಪ. ಬಸ್‌ಸ್ಟ್ಯಾಂಡಿನ ಎದುರು ನನ್ನ ಟೈಲರ್ ಅಂಗಡಿ. ನಮ್ಮ ಸಂಘದ ಕೂಟಗಳಲ್ಲಿ ಮದ್ದಳೆ ಬಾರಿಸುತ್ತೇನೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಕೂತಲ್ಲೇ ಆ ಪಾತ್ರವಾಗಿ ಮಾತಾಡುತ್ತಾನೆ. ಮಾತನ್ನು ಯಾರೂ ಬರೆದುಕೊಡುವುದಿಲ್ಲ, ಅಲ್ಲಲ್ಲೇ ಹುಟ್ಟಬೇಕು. ಹೇಳುವುದು ಮುಗಿದಾಗ ಮುಂದಿನ ಪದ್ಯಕ್ಕೆ ದಾರಿಯಾಗುವ ಒಂದು ಮಾತು ಹೇಳಿ ಭಾಗವತರಿಗೆ ಬಿಟ್ಟುಕೊಡಬೇಕು. ಅದನ್ನು ಎತ್ತುಗಡೆ ಎನ್ನುತ್ತೇವೆ. ಕೇಳುವವರಿಗೆ ಬೇಸರ ಬಂದರೆ ಎದ್ದು ಹೋಗಿ ಚಾ ಕುಡಿದು ಬರಬಹುದು. ಮದ್ದಳೆಯವನು ಮಾತ್ರ ಮಂಗಳದ ಪದ್ಯ ಆಗುವ ತನಕ ಕಾಲು ಮಡಚಿ ಕೂತಿರಬೇಕು. ನನ್ನ ಮಂಡಿನೋವಿಗೆ ವಯಸ್ಸು ಕಾರಣ ಎಂದು ಡಾಕ್ಟರು ಹೇಳಿದರು. ಅವರು ತ್ರ್ಯಂಬಕನ ಅರ್ಥ ಕೇಳಿದವರಲ್ಲ.

ಮೂವತ್ತು ವರ್ಷದಲ್ಲಿ ತ್ರ್ಯಂಬಕ ಒಮ್ಮೆಯೂ ಎತ್ತುಗಡೆ ಕೊಟ್ಟವನಲ್ಲ. ಅವನ ಮಾತಿಗೆ ಆದಿ ಉಂಟು, ಅಂತ್ಯ ಇಲ್ಲ. ನಮ್ಮ ಶಂಕರನಾರಾಯಣ ಭಾಗವತರು ಕಾದು ಕಾದು ಕೊನೆಗೆ ತಾಳ ಕುಟ್ಟಿ, ಅವನ ವಾಕ್ಯದ ನಡುವೆಯೇ ಪದ್ಯ ಎತ್ತಿಬಿಡುತ್ತಿದ್ದರು. ಹೀಗಾಗಿ ಅವನಿಗೆ ದೊಡ್ಡ ಪಾತ್ರ ಕೊಡುವ ಧೈರ್ಯ ಯಾರಿಗೂ ಇರಲಿಲ್ಲ. ದೂತ, ಚಾರಕ, ಬಾಗಿಲು ಕಾಯುವವನು, ಇಂಥವೇ. ಆದರೆ ಅವನ ದೂತ ಸುದ್ದಿ ಹೇಳುವಷ್ಟರಲ್ಲಿ ಯುದ್ಧವೇ ಮುಗಿದುಹೋಗುವ ಹಾಗಿರುತ್ತಿತ್ತು.

2009ರ ಮಳೆಗಾಲದಲ್ಲಿ ಹರಿಹರಪುರದ ಕೂಟಕ್ಕೆ ವಿದುರನ ಪಾತ್ರಧಾರಿ ಜ್ವರ ಬಂದು ಮಲಗಿದ. ವಿಧಿಯಿಲ್ಲದೆ ತ್ರ್ಯಂಬಕನನ್ನು ಕೂರಿಸಿದೆವು. ಕೃಷ್ಣನ ಪಾತ್ರಕ್ಕೆ ಹೊರಗಿನಿಂದ ದೊಡ್ಡ ಕಲಾವಿದರನ್ನು ಕರೆಸಿದ್ದರು. ಮನೆಗೆ ಬಂದ ಕೃಷ್ಣನಿಗೆ ವಿದುರ ಒಂದು ಕುಡಿತೆ ಹಾಲು ಕೊಡಬೇಕಷ್ಟೆ. ತ್ರ್ಯಂಬಕ ಆ ಹಾಲನ್ನು ಕೊಡುವ ಮೊದಲು ಹಸುವಿನ ವಂಶ, ಮೇವು, ಹುಲ್ಲು, ಹುಲ್ಲಿನ ಮೇಲಿನ ಇಬ್ಬನಿ ಎಲ್ಲವನ್ನೂ ಹೊಗಳಿ ಒಂದು ಗಂಟೆ ಹತ್ತು ನಿಮಿಷ ತೆಗೆದುಕೊಂಡ. ಭಗವಂತ ಹಾಲು ಕುಡಿಯದೆ ಶಿವಮೊಗ್ಗದ ಬಸ್ಸು ಹತ್ತಿ ಹೋದ.

ಸಂಘದ ಅಧ್ಯಕ್ಷ ವಾಸಪ್ಪನವರು ಅಡಿಕೆ ವ್ಯಾಪಾರಿ, ಮಾತು ಕಡಿಮೆ. ಮರುದಿನ ನನ್ನ ಅಂಗಡಿಗೇ ತ್ರ್ಯಂಬಕನನ್ನು ಕರೆಸಿದರು.

"ನೋಡು ತ್ರ್ಯಂಬಕ, ಇನ್ನೊಂದೇ ಒಂದು ಕೂಟ. ಮೂವತ್ತೈದು ನಿಮಿಷ. ಅದರ ಮೇಲೆ ಹೋದ್ಯಾ, ಮತ್ತೆ ನೀನು ನಮ್ ಕೂಟದಲ್ಲಿ ಕೂರೋ ಹಾಗಿಲ್ಲ. ಕೆಳಗೆ ಕೂತು ಕೇಳು, ಬೇಡ ಅನ್ನಲ್ಲ."

ತ್ರ್ಯಂಬಕ ತಲೆಯಾಡಿಸಿದ. ಒಂದು ಮಾತೂ ಆಡಲಿಲ್ಲ. ಆಡಬೇಕಾದ ಕಡೆ ಆಡುವುದಿಲ್ಲ ಎನ್ನುವುದೇ ಅವನ ವಿಶೇಷ. ಮನೆಯಲ್ಲೂ ಅವನು ಮಾತಾಡುವುದು ಅಷ್ಟಕ್ಕಷ್ಟೆ ಎಂದು ಅವನ ಹೆಂಡತಿ ವೇದಾವತಿ ನನ್ನ ಹೆಂಡತಿಯ ಹತ್ತಿರ ಹೇಳಿದ್ದರಂತೆ. ಬಸ್‌ಸ್ಟ್ಯಾಂಡಿನಲ್ಲಿ ದಿನವಿಡೀ ಅವನ ಬಾಯಿಂದ ಹೊರಡುವುದು ಊರಿನ ಹೆಸರು ಮತ್ತು ಗಂಟೆ. "ಶೃಂಗೇರಿ ಒಂಬತ್ತೂ ಹತ್ತು." "ಎನ್ಆರ್‌ಪುರ ಒಂಬತ್ತೂವರೆ." ಎಲ್ಲರನ್ನೂ ಎಲ್ಲಿಗೋ ಕಳಿಸುವ ಈ ಮನುಷ್ಯ ಸ್ವತಃ ಶಿವಮೊಗ್ಗ ದಾಟಿದ್ದು ಎರಡು ಸಲ, ಎರಡೂ ಸಲ ಹಲ್ಲಿನ ಚಿಕಿತ್ಸೆಗೆ.

ಅದೇ ವರ್ಷ ಜಗತ್ತಿನಲ್ಲೆಲ್ಲ ಖಗೋಳ ವರ್ಷವಂತೆ. ಜನರಿಗೆ ಆಕಾಶದ ತಿಳುವಳಿಕೆ ಕೊಡಬೇಕು, ಅದೂ ಜಾನಪದ ಕಲೆಗಳ ಮೂಲಕ ಕೊಡಬೇಕು ಎಂದು ಮೇಲಿನಿಂದ ಯಾರೋ ಹೇಳಿದ್ದರು. ಆಕಾಶದ ವಿಷಯವಾದ್ದರಿಂದ ಆದೇಶ ಮೇಲಿನಿಂದ ಬಂದದ್ದು ಸರಿಯಾಗಿಯೇ ಇತ್ತು. ಕಾಲೇಜಿನ ಫಿಸಿಕ್ಸ್ ಲೆಕ್ಚರರ್ ಶಿವಕಿರಣ ಉತ್ಸಾಹದ ಹುಡುಗ. ಸೌರಮಂಡಲದ ಅಂಚಿಗೆ ಹೋಗುವ ಗಗನನೌಕೆಯ ಮೇಲೆ ಒಂದು ಪ್ರಸಂಗವನ್ನೇ, ಪದ್ಯಗಳ ಸಮೇತ, ಬರೆದುಕೊಂಡು ಬಂದ. ಹೈಡ್ರೋಜನ್ ಎಂಬ ಶಬ್ದವನ್ನು ತಾಳಕ್ಕೆ ಕೂರಿಸಲು ಭಾಗವತರಿಗೆ ಮೂರು ದಿನ ಹಿಡಿಯಿತು.

ಶಿವಕಿರಣ ನಮಗೆಲ್ಲ ವಿಷಯ ವಿವರಿಸಿದ. ಪ್ಲೂಟೋ ಕಡೆಗೆ ನಿಜವಾಗಿಯೂ ಒಂದು ನೌಕೆ ಮೂರು ವರ್ಷದ ಹಿಂದೆ ಹೊರಟಿದೆ, 2015ಕ್ಕೆ ಮುಟ್ಟುತ್ತದೆ. ಅದು ಹೊರಟಾಗ ಪ್ಲೂಟೋ ಗ್ರಹವಾಗಿತ್ತು, ದಾರಿಯಲ್ಲಿದ್ದಾಗ ವಿಜ್ಞಾನಿಗಳು ಸಭೆ ಸೇರಿ ಅದನ್ನು ಕುಬ್ಜ ಗ್ರಹ ಮಾಡಿದರು. ಸಾಹೇಬರನ್ನು ಕಾಣಲು ಕೊಪ್ಪದಿಂದ ಬಸ್ಸು ಹತ್ತಿದವನು ಚಿಕ್ಕಮಗಳೂರಿನಲ್ಲಿ ಇಳಿಯುವಷ್ಟರಲ್ಲಿ ಸಾಹೇಬರು ಸಸ್ಪೆಂಡ್ ಆಗಿದ್ದರಂತೆ, ಹಾಗೆ.

"ಆದ್ರೆ ಈ ಪ್ರಸಂಗದ ನೌಕೆ ಅದಲ್ಲ. ಇದು ಮುಂದೆ ಬರೋ ಜಾತಿದು," ಎಂದ ಶಿವಕಿರಣ. "ಯಾರೂ ಕಾಣದ ಜಾಗಕ್ಕೆ ಹೋದಾಗ ಅಲ್ಲಿ ಎಂತ ಇರ್ತದೆ ಅಂತ ಮೊದ್ಲೇ ಬರೆದು ಕೊಡೋಕಾಗಲ್ಲ. ಇಲ್ಲಿಂದ ಒಂದು ಮಾತು ಅಲ್ಲಿಗೆ ಮುಟ್ಟೋಕೆ ನಾಲ್ಕೂವರೆ ಗಂಟೆ. ಅಲ್ಲಿಂದ ಉತ್ತರ ಬರೋಕೆ ಮತ್ತೆ ನಾಲ್ಕೂವರೆ. ಕೇಳ್ತಾ ಕೂತ್ರೆ ಕೆಲಸ ಕೆಡ್ತದೆ. ಅದಕ್ಕೆ ನೌಕೆಯೇ ಕಂಡದ್ದನ್ನು ನೋಡಿ, ತಾನೇ ಯೋಚನೆ ಮಾಡಿ, ತಾನೇ ತೀರ್ಮಾನ ಮಾಡ್ಬೇಕು."

"ಅಂದ್ರೆ ಬರೆದುಕೊಡದೆ ಅರ್ಥ ಹೇಳೋದು," ಎಂದರು ಭಾಗವತರು. "ಇದ್ರಲ್ಲಿ ಹೊಸತು ಎಂತ ಉಂಟು ಮಾರಾಯ? ನಾವು ಅದನ್ನೇ ಮಾಡ್ತಾ ಇರೋದಲ್ವಾ?"

ಪಾತ್ರ ಹಂಚುವಾಗ ಕಷ್ಟವಾಯಿತು. ಭೂಮಂಡಲಾಧಿಪತಿಯ ಪಾತ್ರವನ್ನು ವಾಸಪ್ಪನವರು ತಾವೇ ಇಟ್ಟುಕೊಂಡರು, ಅಧ್ಯಕ್ಷರಿಗೆ ಅದು ಅಭ್ಯಾಸವಾಗಿತ್ತು. ನೌಕೆಯ ಪಾತ್ರದ ಹೆಸರು ನೌಕೇಂದ್ರ. ಅದು ಯಾರಿಗೂ ಬೇಡ. ಪ್ಲೂಟೋದ ಬಗ್ಗೆ ಒಂದು ಪುರಾಣವಿಲ್ಲ, ಒಂದು ಶ್ಲೋಕವಿಲ್ಲ, ಹಿಂದಿನ ಕಲಾವಿದರು ಹೇಳಿ ಹದ ಮಾಡಿಟ್ಟ ಒಂದು ಮಾತಿಲ್ಲ. ಏನನ್ನು ಹಿಡಿದುಕೊಂಡು ಅರ್ಥ ಹೇಳುವುದು? ಇದ್ದಬದ್ದ ಅರ್ಥಧಾರಿಗಳೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡರು.

"ತ್ರ್ಯಂಬಕಂಗೆ ಕೊಡಿ," ಎಂದರು ವಾಸಪ್ಪ. "ಯಂತ್ರ ಅಲ್ವಾ, ಎರಡು ಮಾತು ಹೇಳಿ ಸುಮ್ನಾಗ್ತದೆ."

ನಾಲ್ಕೂವರೆ ಗಂಟೆಯ ವಿಷಯ ಅದೇ ಕೋಣೆಯಲ್ಲಿ, ಅದೇ ದಿನ, ನಮ್ಮೆಲ್ಲರ ಕಿವಿಯ ಮೇಲೆ ಬಿದ್ದಿತ್ತು. ಆದರೂ ನಮ್ಮಲ್ಲಿ ಒಬ್ಬರಿಗೂ ಅಪಾಯ ಹೊಳೆಯಲಿಲ್ಲ. ವಿದ್ಯಾವಂತರ ಊರು ಎಂದು ನಮಗೆ ಹೆಸರಿದೆ.

ತ್ರ್ಯಂಬಕ ಶಿವಕಿರಣನಿಂದ ಒಂದು ಪುಸ್ತಿಕೆ ತೆಗೆದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸುಗಳ ನಡುವೆ ಓದತೊಡಗಿದ. ಒಂದು ಸಂಜೆ ನನ್ನ ಅಂಗಡಿಯಲ್ಲಿ ಶಿವಕಿರಣನ ಪ್ಯಾಂಟಿನ ಅಳತೆ ತೆಗೆಯುತ್ತಿದ್ದೆ. ತ್ರ್ಯಂಬಕ ಒಳಗೆ ಬಂದು ಕೇಳಿದ್ದು ಎರಡೇ ಪ್ರಶ್ನೆ.

"ಮೇಷ್ಟ್ರೇ, ಅದು ಅಲ್ಲಿಂದ ಹೇಳ್ತಾ ಇದ್ದದ್ದು ಇಲ್ಲಿ ಕೇಳ್ತಾ ಉಂಟು ಅಂತ ಅದಕ್ಕೆ ಹ್ಯಾಗೆ ಗೊತ್ತಾಗ್ತದೆ?"

"ಗೊತ್ತಾಗಲ್ಲ. ಉತ್ತರ ಬರೋ ತನಕ ಹೇಳ್ತಾ ಇರೋದೇ."

"ಅದು ಹೇಳೋದು ನಿಲ್ಸಿದ್ರೆ?"

"ಸತ್ತುಹೋಯ್ತು ಅಂತ ಇಲ್ಲಿಯವರು ತಿಳ್ಕೊಳ್ತಾರೆ."

ತ್ರ್ಯಂಬಕ ಗಡಿಯಾರ ನೋಡಿಕೊಂಡು ಬಾಳೆಹೊನ್ನೂರಿನ ಬಸ್ಸು ಬಿಡಲು ಹೋದ.

ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ ಎರಡೂವರೆಗೆ, ಬಸ್‌ಸ್ಟ್ಯಾಂಡಿನ ಹಿಂದಿನ ಹಾಲ್‌ನಲ್ಲಿ ಕೂಟ. ಎಪ್ಪತ್ತು ಜನ ಬಂದಿದ್ದರು. ಶೃಂಗೇರಿಯಿಂದಾಚೆಯ ನೆಮ್ಮಾರಿನಿಂದಲೇ ಹನ್ನೊಂದು ಮಂದಿ. ಅವರಿಗೆ ವಾಪಸು ಹೋಗಲು ಐದೂ ನಲವತ್ತೈದರ ಬಸ್ಸೇ ಕೊನೆಯದು. ವೇದಾವತಿಯವರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಗಂಡನ ಕೊನೆಯ ಕೂಟ ಇರಬಹುದು ಎಂದು ಅವರಿಗೆ ಗೊತ್ತಿತ್ತು. ತ್ರ್ಯಂಬಕ ಆ ದಿನದ ಮಟ್ಟಿಗೆ ಬಸ್‌ಸ್ಟ್ಯಾಂಡಿನ ಸೀಟಿಯನ್ನು ತಾನೇ ತರಬೇತಿ ಕೊಟ್ಟ ನವೀನನಿಗೆ ಒಪ್ಪಿಸಿ ಬಂದಿದ್ದ.

ವಾಸಪ್ಪನವರ ಭೂಮಂಡಲಾಧಿಪತಿ ನೌಕೇಂದ್ರನನ್ನು ಹರಸಿ ಕಳಿಸಿದ. ಮೂರೂ ಇಪ್ಪತ್ತಕ್ಕೆ ತ್ರ್ಯಂಬಕ ಬಾಯಿ ತೆರೆದ. ಗುರುಗ್ರಹವನ್ನು ದಾಟಿದ, ಶನಿಯನ್ನು ದಾಟಿದ. ಶನಿಯ ಹತ್ತಿರ ಸಾಡೇಸಾತಿಯ ಬಗ್ಗೆ ನಾಲ್ಕು ಮಾತು ಹೆಚ್ಚೇ ಆಡಿದ. ಮೂವತ್ತೈದು ನಿಮಿಷ ಮುಗಿದಾಗ ಅವನು ಪ್ಲೂಟೋಗೆ ಆಗಷ್ಟೇ ಮುಟ್ಟಿದ್ದ. ವಾಸಪ್ಪ ಕೈಗಡಿಯಾರವನ್ನು ಬೆರಳಿನಿಂದ ಕುಟ್ಟಿ ತೋರಿಸಿದರು. ಭಾಗವತರು ತಾಳ ಎತ್ತಿ ಬಲವಾಗಿ ಹೊಡೆದರು. ನಾನು ಮದ್ದಳೆಗೆ ಕೈ ಹಾಕಿದೆ, ಮನಸ್ಸಿನಲ್ಲಿ ದೇವರಿಗೆ ಒಂದು ಕಾಯಿ ಹೇಳಿಕೊಂಡೆ.

ತ್ರ್ಯಂಬಕ ಗಡಿಯಾರ ನೋಡಿದ.

"ಭೂಲೋಕದಲ್ಲಿ ಈಗ ಗಂಟೆ ಮೂರೂ ಐವತ್ತೈದು," ಎಂದ, ಅದೇ ಅರ್ಥದ ಧಾಟಿಯಲ್ಲಿ. "ಅಲ್ಲಿ ಯಾರೋ ತಾಳ ಬಾರಿಸಿ ನನ್ನನ್ನು ನಿಲ್ಲೆಂದು ಹೇಳಿರಬಹುದು. ಆ ನಾದ ನನ್ನ ಬಳಿಗೆ ಬಂದು ಸೇರುವಾಗ ಎಂಟೂ ಇಪ್ಪತ್ತೈದು. ಅಲ್ಲಿಯ ತನಕ ನನ್ನ ಬುದ್ಧಿಯೇ ನನಗೆ ಒಡೆಯ!"

ಹಾಲ್ ಚಪ್ಪಾಳೆಯಿಂದ ತುಂಬಿತು. ಶಿವಕಿರಣ ಎದ್ದು ನಿಂತು "ವೈಜ್ಞಾನಿಕವಾಗಿ ಸರಿ ಉಂಟು!" ಎಂದು ಕೂಗಿದ. ಭೂಮಂಡಲಾಧಿಪತಿ ಮೈಕ್ ಎಳೆದುಕೊಂಡು ನೌಕೇಂದ್ರನನ್ನು ಹಿಂದಕ್ಕೆ ಕರೆದ. ಆ ಕರೆಯೂ ಎಂಟೂವರೆಯ ಹೊತ್ತಿಗೆ ಮುಟ್ಟುವುದಾಗಿ ತಿಳಿಯಿತು. ಮೂವತ್ತು ವರ್ಷ ಮಾತು ಕತ್ತರಿಸಿಕೊಂಡವನು ಒಂದೇ ಏಟಿಗೆ ಕತ್ತರಿಯನ್ನೇ ಕಸಿದುಕೊಂಡಿದ್ದ. ನನ್ನ ಮಂಡಿಯ ಗತಿ ನೆನೆದು ನಾನು ಶಿವಕಿರಣನನ್ನೂ, ಖಗೋಳ ವರ್ಷವನ್ನೂ, ಬೆಳಕಿನ ವೇಗವನ್ನೂ ಮನಸಾರೆ ಶಪಿಸಿದೆ.

ಭಾಗವತರು ಸಿಟ್ಟಾಗಬಹುದು ಎಂದುಕೊಂಡಿದ್ದೆವು. ಅವರು ತಾಳವನ್ನು ಮಡಿಲಲ್ಲಿ ಇಟ್ಟು ಕೈಕಟ್ಟಿಕೊಂಡರು. "ಆಗ್ಲಿ," ಎಂದರು ನನಗೆ ಮಾತ್ರ ಕೇಳುವಂತೆ. "ಎಂಟೂ ಇಪ್ಪತ್ತೈದರ ತನಕ ನಾನು ಮುಟ್ಟಲ್ಲ. ಹೇಳ್ಲಿ."

ತ್ರ್ಯಂಬಕ ಹೇಳಿದ. ಪ್ಲೂಟೋದ ಚಳಿ ಹೇಳಿದ, ಕತ್ತಲೆ ಹೇಳಿದ, ಅಲ್ಲಿಂದ ಸೂರ್ಯ ಎಷ್ಟು ಸಣ್ಣದಾಗಿ ಕಾಣುತ್ತಾನೆಂದು ಹೇಳಿದ. ಚಳಿಯನ್ನು ಎರಡನೆಯ ಸಲ ಹೇಳಿದ. ಚಾ ಕುಡಿಯಲು ಹೋದವರು ಹಿಂತಿರುಗಲಿಲ್ಲ. ಐದು ಗಂಟೆಗೆ ಹಾಲ್‌ನಲ್ಲಿ ಮೂವತ್ತು ಜನ ಉಳಿದಿದ್ದರು. ಆ ಹೊತ್ತಿಗೆ ಅವನು ಚಳಿಯನ್ನು ಮೂರನೆಯ ಸಲ ಶುರುಮಾಡಿದ್ದ. ಆಗ ನಾನೊಂದು ಗಮನಿಸಿದೆ. ಅವನು ಮಾತಿನ ನಡುವೆ ಕಣ್ಣಂಚಿನಲ್ಲಿ ಭಾಗವತರ ಕೈ ನೋಡುತ್ತಿದ್ದ. ತಾಳ ಮಡಿಲಲ್ಲೇ ಇತ್ತು. ಅವನು ಮತ್ತೆ ನೋಡಿದ.

ನನಗೆ ಅರ್ಥವಾಯಿತು. ಇಷ್ಟು ವರ್ಷ ಅವನ ಮಾತನ್ನು ಮುಗಿಸುತ್ತಿದ್ದದ್ದು ಭಾಗವತರು. ಮುಗಿಸುವುದು ಹೇಗೆಂದು ಅವನು ಕಲಿತೇ ಇರಲಿಲ್ಲ. ಈಗ ತಡೆಯುವವರಿಲ್ಲ, ಒರಗಲು ಶ್ಲೋಕವಿಲ್ಲ, ಪುಸ್ತಿಕೆಯಲ್ಲಿದ್ದದ್ದು ಖಾಲಿಯಾಗಿದೆ. ಹಣೆಯಲ್ಲಿ ಬೆವರು ಮೂಡಿತು. ಮೈನಸ್ ಇನ್ನೂರ ಮೂವತ್ತು ಡಿಗ್ರಿಯಲ್ಲಿ ಬೆವರಿದ ಮೊದಲ ನೌಕೆ ಅದೇ ಇರಬೇಕು. ನಗು ಬರಬೇಕಿತ್ತು, ಬರಲಿಲ್ಲ. ಪಾಪ ಎನಿಸಿತು.

ಅವನು ಮಾತು ನಿಲ್ಲಿಸಿ ನೀರು ಕುಡಿದ. ಮತ್ತೆ ಶುರುಮಾಡಿದಾಗ ದನಿ ಬೇರೆಯಾಗಿತ್ತು. ಅರ್ಥದ ಗತ್ತು ಇರಲಿಲ್ಲ, ಬಸ್‌ಸ್ಟ್ಯಾಂಡಿನ ಕೂಗೂ ಇರಲಿಲ್ಲ.

"ನಾನು ಬಂದಿರುವ ಈ ನಿಲ್ದಾಣಕ್ಕೆ ಬೇರೆ ಯಾವ ಗಾಡಿಯೂ ಬರುವುದಿಲ್ಲ," ಎಂದ. "ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಕೇಳುವವರಿಲ್ಲ. ವರ್ಷಗಟ್ಟಲೆ ಓಡಿ ಇಲ್ಲಿಗೆ ಬಂದೆ. ಇಳಿದು ಒಂದು ದಿನ ಕೂತು ಹೋಗೋಣ ಎಂದರೆ ನನಗೆ ನಿಲ್ಲುವ ಶಕ್ತಿ ಕೊಟ್ಟಿಲ್ಲ. ನೋಡುತ್ತ ನೋಡುತ್ತ ದಾಟಿಹೋಗಬೇಕು. ಏನನ್ನು ನೋಡಬೇಕು ಎಂದು ಕೇಳೋಣವೆಂದರೆ, ನೀವು ಉತ್ತರ ಕೊಡುವಾಗ ಅದು ಹಿಂದೆ ಬಿದ್ದಿರುತ್ತದೆ. ಅದಕ್ಕೆ ನನಗೆ ಚಂದ ಕಂಡದ್ದನ್ನು ನಾನು ನೋಡುತ್ತಿದ್ದೇನೆ. ತಪ್ಪಿದ್ದರೆ ಆಮೇಲೆ ಬಯ್ಯಿರಿ."

ಅವನು ಸಭೆಯ ಕಡೆ ನೋಡಿದ.

"ನೀವು ಕೇಳುತ್ತಿದ್ದೀರೋ, ಎದ್ದು ಹೋದಿರೋ, ನನಗೆ ಗೊತ್ತಿಲ್ಲ. ಗೊತ್ತಾಗಲು ಒಂಬತ್ತು ಗಂಟೆ ಬೇಕು. ಇವನೇಕೆ ಇಷ್ಟು ಮಾತಾಡುತ್ತಾನೆ ಎಂದು ನಿಮಗೆ ಅನಿಸಿರಬಹುದು. ನಿಲ್ಲಿಸಿದರೆ ಸತ್ತ ಎಂದುಕೊಳ್ಳುತ್ತೀರಲ್ಲ, ಅದಕ್ಕೆ ಹೇಳುತ್ತಾ ಇದ್ದೇನೆ. ಕೇಳಿಸಿತು ಎಂದು ಒಬ್ಬರು ಹೇಳಿದರೆ ಸಾಕಾಗಿತ್ತು."

ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ಅವನ ಮಗ್ಗುಲಲ್ಲೇ ಕೂತು ನಾನು ಮಾರನೆಯ ದಿನ ಹೊಲಿಯಬೇಕಾದ ರವಿಕೆಗಳ ಅಳತೆ ಯೋಚಿಸುತ್ತಿದ್ದೆ.

ಆಮೇಲೆ ಅವನು ಭಾಗವತರ ಕಡೆ ತಿರುಗಿ ಕೈಮುಗಿದ. "ಕಂಡದ್ದು ಇಷ್ಟು. ಹೇಳಿದ್ದು ಇಷ್ಟು. ಇನ್ನು ಈ ವೃತ್ತಾಂತವನ್ನು ಭೂಲೋಕಕ್ಕೆ ಮಂಗಳವಾಗಿ ಮುಟ್ಟಿಸುವವರು..."

ಎತ್ತುಗಡೆ! ತ್ರ್ಯಂಬಕನ ಬಾಯಿಂದ! ನಾನು ಮದ್ದಳೆ ಮುಟ್ಟಿದೆ. ಐದೂವರೆ. ನೆಮ್ಮಾರಿನವರು ಚಪ್ಪಲಿ ಹುಡುಕತೊಡಗಿದರು. ಎಲ್ಲರ ಕಣ್ಣೂ ಭಾಗವತರ ಮೇಲೆ.

ಭಾಗವತರು ಕಣ್ಣುಮುಚ್ಚಿಕೊಂಡರು.

"ನೌಕೇಂದ್ರ ಏನೋ ಹೇಳಿರ್ಬೇಕು," ಎಂದರು ಮೈಕಿನಲ್ಲಿ, ನಿಧಾನವಾಗಿ. "ನಮಗೆ ಇನ್ನೂ ಮುಟ್ಟಿಲ್ಲ. ರಾತ್ರಿ ಹತ್ತು ಗಂಟೆಗೆ ಮುಟ್ತದೆ."

ಮೊದಲು ಒಂದು ನಗು ಎದ್ದಿತು. ಭಾಗವತರು ತಮಾಷೆ ಮಾಡುತ್ತಿಲ್ಲ ಎಂದು ತಿಳಿದಾಗ ಅದು ಅಡಗಿತು. ತ್ರ್ಯಂಬಕ ಮಾತಾಡಬಹುದಿತ್ತು, ಮೈಕ್ ಅವನ ಮುಂದೆಯೇ ಇತ್ತು. ಆದರೆ ಎತ್ತುಗಡೆ ಕೊಟ್ಟ ಮೇಲೆ ಅರ್ಥಧಾರಿ ಮಾತಾಡುವ ಹಾಗಿಲ್ಲ. ಅವನು ಕಾಲು ಮಡಚಿ, ಕೈ ಮಡಿಲಲ್ಲಿಟ್ಟು ಕೂತ. ಎರಡು ನಿಮಿಷವಾಯಿತು, ಐದಾಯಿತು, ಹತ್ತಾಯಿತು. ನೆಮ್ಮಾರಿನವರು ಒಂದು ಕಾಲಿಗೆ ಚಪ್ಪಲಿ ಹಾಕಿ ಹಾಗೇ ನಿಂತಿದ್ದರು, ಒಬ್ಬರೂ ಹೊರಗೆ ಹೋಗಲಿಲ್ಲ.

ಹನ್ನೆರಡನೆಯ ನಿಮಿಷಕ್ಕೆ ಭಾಗವತರು ಕಣ್ಣು ತೆರೆಯದೆ ಕೇಳಿದರು.

"ತ್ರ್ಯಂಬಕಾ, ಇದ್ದೀಯನಾ?"

ಅವನು ಉತ್ತರ ಕೊಡಲಿಲ್ಲ. ಪ್ರಶ್ನೆ ಅವನಿಗೆ ಮುಟ್ಟಲು ಇನ್ನೂ ನಾಲ್ಕೂವರೆ ಗಂಟೆ ಇತ್ತು.

ತಾಳ ಹಿಡಿದು ಕೂತಲ್ಲಿ ಶಂಕರನಾರಾಯಣ ಭಾಗವತರು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮೈ ಕುಲುಕಿಸಿ ನಕ್ಕರು, ಕಣ್ಣೊರೆಸಿಕೊಂಡರು, ತಾಳ ಎತ್ತಿದರು. ಮಂಗಳ ಹಾಡಿ ಮುಗಿಸಿದಾಗ ಐದೂ ಐವತ್ತು.

ನೆಮ್ಮಾರಿನ ಬಸ್ಸು ಹೋಗಿತ್ತು. ಹಾಲ್‌ನಿಂದ ಹನ್ನೊಂದು ಜನ ಬರುವವರಿದ್ದಾರೆ, ಐದು ನಿಮಿಷ ನಿಲ್ಲಿಸು ಎಂದು ಕಂಡಕ್ಟರ್ ಬೇಡಿಕೊಂಡಿದ್ದನಂತೆ. "ತ್ರ್ಯಂಬಕಣ್ಣ ಬೈತಾರೆ" ಎಂದು ನವೀನ ಐದೂ ನಲವತ್ತೈದಕ್ಕೆ ಸರಿಯಾಗಿ ಸೀಟಿ ಊದಿದನಂತೆ. ಗುರುವಿಗೆ ತಕ್ಕ ಶಿಷ್ಯ.

ಹನ್ನೊಂದು ಜನರನ್ನೂ ತ್ರ್ಯಂಬಕನ ಮನೆಗೇ ಕರೆದುಕೊಂಡು ಹೋಗಬೇಕಾಯಿತು. ವೇದಾವತಿಯವರು ದೊಡ್ಡ ಬಾಣಲೆಯಲ್ಲಿ ಉಪ್ಪಿಟ್ಟು ಕಲಸುತ್ತ ಗಂಡನಿಗೆ ಹೇಳಿದ್ದು ಜಗುಲಿಯಲ್ಲಿದ್ದ ನಮಗೂ ಕೇಳಿತು. "ಮನೇಲಿ ಮಾತಾಡ್ದೆ ಕೂರೋದು ನಂಗೆ ಗೊತ್ತಿತ್ತು. ಮಾತಾಡೋಕೆ ಅಷ್ಟು ಇತ್ತು ಅಂತ ಗೊತ್ತಿರ್ಲಿಲ್ಲ."

ತೀರ್ಮಾನ ಅಲ್ಲೇ, ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಆಯಿತು. ವಾಸಪ್ಪ ಲೆಕ್ಕದ ಮನುಷ್ಯ. "ಮೂವತ್ತೈದು ನಿಮಿಷ ಅಂದಿದ್ದೆ. ಎರಡು ಗಂಟೆ ಹತ್ತು ನಿಮಿಷ ಹೇಳಿದಾನೆ. ಮಾತು ಮಾತೇ," ಎಂದರು.

"ಮೂವತ್ತು ವರ್ಷಕ್ಕೆ ನಂಗೊಂದು ಎತ್ತುಗಡೆ ಕೊಟ್ಟಿದಾನೆ," ಎಂದರು ಭಾಗವತರು. "ಕೊಟ್ಟವನನ್ನು ಕೆಳಗೆ ಕೂರ್ಸಿದ್ರೆ ನಾನೂ ಅಲ್ಲೇ ಕೆಳಗೆ ಕೂರ್ತೇನೆ. ಪದ್ಯ ನೀವೇ ಹೇಳಿ."

ವಾಸಪ್ಪನವರ ಹಾಡು ನಾವು ಒಮ್ಮೆ ಗಣಪತಿ ಉತ್ಸವದಲ್ಲಿ ಕೇಳಿದ್ದೆವು. ತ್ರ್ಯಂಬಕ ಸಂಘದಲ್ಲಿ ಉಳಿದ. ತೀರ್ಮಾನ ಕೇಳಿ ಅವನು ನೆಮ್ಮಾರಿನವರಿಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದ.

ಮರುದಿನ ಬೆಳಿಗ್ಗೆ ಆರೂವರೆಗೆ ಹಾಲು ತರಲು ಹೊರಟವನು ಬಸ್‌ಸ್ಟ್ಯಾಂಡಿನ ಕಡೆ ತಿರುಗಿದೆ. ತ್ರ್ಯಂಬಕ ಸ್ಟೂಲಿನ ಮೇಲೆ ಕೂತಿದ್ದ. ಹನ್ನೊಂದು ಜನರೂ ಶೃಂಗೇರಿಯ ಮೊದಲ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ತೂಕಡಿಸುತ್ತಿದ್ದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ, ಹತ್ತಿರ ಹೋದಾಗ ಒಂದೇ ಮಾತು ಉಳಿಯಿತು.

"ತ್ರ್ಯಂಬಕ, ನೀನು ನಿನ್ನೆ ಹೇಳಿದ್ದು ಕೇಳ್ತು ಮಾರಾಯ."

ಅವನು ನನ್ನ ಮುಖ ನೋಡಿದ. ಆಮೇಲೆ ಕೈಗಡಿಯಾರ ನೋಡಿದ. ನಿನ್ನೆಯ ಐದೂವರೆಯಿಂದ ಇವತ್ತಿನ ಆರೂವರೆಯ ತನಕ ಬೆರಳು ಮಡಚಿ ಎಣಿಸಿದ. ಅವನ ಕಣ್ಣು ತುಂಬಿತ್ತು.

"ಒಂಬತ್ತು ಗಂಟೆ ಅಂದಿದ್ದೆ," ಎಂದ. "ನಾಲ್ಕು ಗಂಟೆ ಲೇಟು."

ಸೀಟಿ ಬಾಯಿಗಿಟ್ಟು ಶೃಂಗೇರಿಯ ಬಸ್ಸು ಬಿಟ್ಟ.